ಬೇರೆಯವರ ವಿಳಾಸಕ್ಕೆ ಬಂದ ಪತ್ರ: ಮಳೆಯ ಮುನ್ಸೂಚನೆಯ ಒಂದು ಇತಿಹಾಸ



ಕಳೆದ ಆಷಾಢದ ಒಂದು ಸಂಜೆ ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ನಾನು ಕೊನೆಯದಾಗಿ ಸೇವೆ ಸಲ್ಲಿಸಿದ ಪಾವಗಡ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಓದುತ್ತಿದ್ದು, ಒಂಬತ್ತನೆಯ ತರಗತಿಯ ನಡುವೆಯೇ ಬಿಟ್ಟುಹೋದವನು. ಕುಶಲ ವಿಚಾರಿಸಿದ ಮೇಲೆ ಅವನು ಕೇಳಿದ್ದು ಇಷ್ಟು: "ಸಾರ್, ಕಡಲೆಕಾಯಿ ಬಿತ್ತೋಣ್ವಾ ಬೇಡ್ವಾ ಅಂತ ಅಪ್ಪ ಕೇಳ್ತಾ ಇದಾರೆ. ನನ್ನ ಫೋನ್‌ನಲ್ಲಿ ನಾಳೆ ಮಳೆ ಅರವತ್ತು ಪರ್ಸೆಂಟ್ ಅಂತ ತೋರಿಸ್ತಿದೆ. ಏನು ಹೇಳಲಿ?"

ನಾನು ತುಸು ಹೊತ್ತು ಸುಮ್ಮನಾದೆ. ಇದೇ ಪ್ರಶ್ನೆಯನ್ನು ಅವನ ತಂದೆ 2003ರಲ್ಲಿ, ನಾನು ನಿವೃತ್ತನಾಗುವ ವರ್ಷ, ಶಾಲೆಯ ಕಾಂಪೌಂಡಿನ ಆಚೆ ನಿಂತು ನನ್ನನ್ನು ಕೇಳಿದ್ದರು. ಆಗ ನಾನು ಕೊಟ್ಟ ಉತ್ತರ ಇಂದಿಗೂ ನನ್ನನ್ನು ಕಾಡುತ್ತದೆ. ಆ ಉತ್ತರ ಏಕೆ ತಪ್ಪಾಯಿತೆಂಬುದನ್ನು ನಿವೃತ್ತಿಯ ಬಿಡುವಿನಲ್ಲಿ ಓದಿ ತಿಳಿದುಕೊಂಡೆ. ಇಂದಿನ ಬರಹ ಆ ಓದಿನ ಫಲ.

2001ರಲ್ಲಿಯೂ 2002ರಲ್ಲಿಯೂ ಕರ್ನಾಟಕಕ್ಕೆ ಬರ ಬಡಿದಿತ್ತು. ಶಾಲೆಯಲ್ಲಿ ನಾನೊಂದು ಮಳೆಮಾಪಕವನ್ನು ಮಾಡಿಟ್ಟಿದ್ದೆ. ಒಂದು ಆಲಿಕೆ, ಒಂದು ಶೀಶೆ, ಒಂದು ಅಳತೆಗಾಜು, ಅಷ್ಟೇ. ಈ ಹುಡುಗನೇ ದಿನವೂ ಬೆಳಿಗ್ಗೆ ನೋಡಿ ನೋಟುಪುಸ್ತಕದಲ್ಲಿ ಬರೆಯುತ್ತಿದ್ದ. ಆದುದರಿಂದಲೋ ಏನೋ, ಮಳೆಯ ವಿಷಯ ಮೇಷ್ಟರಿಗೆ ತಿಳಿದಿರುತ್ತದೆಂದು ಊರಿನವರ ನಂಬಿಕೆ. ಅವನ ತಂದೆ, "ಏನ್ ಮೇಷ್ಟ್ರೇ, ಪೇಪರ್‌ನಾಗೆ ಏನ್ ಬರ್ದವ್ರೆ? ಈ ಸಲನಾದ್ರೂ ಮಳೆ ಆಯ್ತದಾ?" ಎಂದರು. ಹವಾಮಾನ ಇಲಾಖೆಯು ಶೇಕಡ 96ರಷ್ಟು ಮಳೆಯಾಗುವುದೆಂದು ಏಪ್ರಿಲ್‌ನಲ್ಲಿ ತಿಳಿಸಿದ್ದನ್ನು ನಾನು ಓದಿದ್ದೆ. "ನೂರಕ್ಕೆ ತೊಂಬತ್ತಾರು ಅಂತೆ, ಧೈರ್ಯವಾಗಿ ಬಿತ್ತಿ" ಎಂದುಬಿಟ್ಟೆ. ಜೂನ್ ಕೊನೆಯಲ್ಲಿ ಒಂದು ಹದ ಮಳೆ ಬಿದ್ದಿತು. ಅವರು ಮನೆಯಾಕೆಯ ಒಡವೆಯನ್ನು ಅಡವಿಟ್ಟು ಬೀಜ ತಂದು, ಇದ್ದ ಹೊಲಕ್ಕೆಲ್ಲ ಒಂದೇ ಸಲ ಬಿತ್ತಿದರು. ಗಿಡ ಹೂವಾಡಿತು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ದಸರಾ ರಜೆ ಮುಗಿದು ಶಾಲೆ ತೆರೆದಾಗ ಹುಡುಗ ಬರಲಿಲ್ಲ. ಚಿಕ್ಕಪ್ಪನ ಜೊತೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದನೆಂದು ತಿಳಿಯಿತು. ಅವನ ಕೈಬರಹದ ಆ ಮಳೆ ಪುಸ್ತಕ ಈಗಲೂ ನನ್ನ ಬಳಿ ಇದೆ.

ಸೋಜಿಗವೆಂದರೆ, ಆ ವರ್ಷದ ಮುನ್ಸೂಚನೆ ಸುಳ್ಳಾಗಿರಲೇ ಇಲ್ಲ. ದೇಶದ ಸರಾಸರಿ ಲೆಕ್ಕದಲ್ಲಿ 2003ರ ಮುಂಗಾರು ಶೇಕಡ 102ರಷ್ಟು ಸುರಿಯಿತು. ಕರ್ನಾಟಕ ಮಾತ್ರ ಸತತ ಮೂರನೆಯ ವರ್ಷ ಬರವನ್ನುಂಡಿತು. ಮುನ್ಸೂಚನೆ ನಿಜವಾಗಿದ್ದೂ ಅದನ್ನು ನಂಬಿದ ರೈತ ಕೆಟ್ಟನೆಂದರೆ ಅರ್ಥವೇನು? ಇದನ್ನು ತಿಳಿಯಬೇಕಾದರೆ ಆ ಶೇಕಡಾವಾರು ಅಂಕಿ ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು ಎಂಬುದನ್ನು ನೋಡಬೇಕು.

ನಕ್ಷತ್ರದ ಲೆಕ್ಕ

ನಮ್ಮ ಹಿರಿಯರಿಗೆ ಮುನ್ಸೂಚನೆ ಇರಲಿಲ್ಲವೆಂದು ಭಾವಿಸಬಾರದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವುದನ್ನು ಅನುಸರಿಸಿ ಅವರು ಮಳೆಗಾಲವನ್ನು ಭಾಗ ಮಾಡಿಕೊಂಡಿದ್ದರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಹೀಗೆ ಸ್ವಾತಿ, ವಿಶಾಖೆಯವರೆಗೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎಂಬ ಗಾದೆಯನ್ನು ಕೇಳದವರಾರು? ಇದರಲ್ಲಿ ಮೂಢನಂಬಿಕೆಯೆಂದು ತಳ್ಳಿಹಾಕುವಂಥದ್ದೇನೂ ಇಲ್ಲ. ಇದು ತಲೆಮಾರುಗಳ ಅನುಭವವನ್ನು ಒಂದು ಪಂಚಾಂಗಕ್ಕೆ ಹೊಂದಿಸಿದ ಕ್ರಮ. ಆದರೆ ಇದು ಹೇಳುವುದು ಮಳೆಯ ವಾಡಿಕೆಯನ್ನು. ಈ ವರ್ಷ ಆ ವಾಡಿಕೆ ತಪ್ಪುವುದೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ವಾಡಿಕೆ ತಪ್ಪಿದ ವರ್ಷಗಳಲ್ಲಿ ಏನಾಯಿತೆಂಬುದನ್ನು ಚರಿತ್ರೆ ಬರೆದಿಟ್ಟಿದೆ.

ಬರಗಾಲದ ಮಗು

1864ರಲ್ಲಿ ಕಲ್ಕತ್ತೆಗೆ ಭೀಕರ ಚಂಡಮಾರುತ ಅಪ್ಪಳಿಸಿತು. 1866 ಮತ್ತು 1871ರಲ್ಲಿ ಮಳೆ ಕೈಕೊಟ್ಟಿತು. ಇವುಗಳ ಪರಿಣಾಮವಾಗಿ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಗೊಂಡಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್. ಇಲಾಖೆ ಇನ್ನೂ ಅಂಬೆಗಾಲಿಡುತ್ತಿರುವಾಗಲೇ 1876ರಿಂದ 1878ರವರೆಗಿನ ಮಹಾಕ್ಷಾಮ ದಕ್ಷಿಣ ಭಾರತವನ್ನು ಆವರಿಸಿತು. ನಮ್ಮ ಅಜ್ಜಂದಿರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನಡುಗುತ್ತ ಹೇಳುತ್ತಿದ್ದುದು ಇದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷವಿದ್ದಿತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಎರಡು ಅಂಕಿಗಳ ನಡುವೆ ಎಷ್ಟು ಮನೆಗಳ ದೀಪ ಆರಿಹೋಯಿತೆಂಬುದನ್ನು ನೀವೇ ಊಹಿಸಿಕೊಳ್ಳಿ.

ಮುಂದಿನ ಬರವನ್ನು ಮೊದಲೇ ತಿಳಿಯಲು ಸಾಧ್ಯವೇ ಎಂದು ಸರ್ಕಾರ ಬ್ಲ್ಯಾನ್‌ಫರ್ಡನನ್ನು ಕೇಳಿತು. ಹಿಮಾಲಯದಲ್ಲಿ ಚಳಿಗಾಲದ ಹಿಮ ಅತಿಯಾಗಿ ಬಿದ್ದ ವರ್ಷ ಮುಂಗಾರು ಕುಗ್ಗುವುದೆಂಬ ಸಂಬಂಧವನ್ನು ಅವನು ಗುರುತಿಸಿ 1884ರಲ್ಲಿ ಪ್ರಕಟಿಸಿದನು. ಕೆಲವು ವರ್ಷ ಪ್ರಯೋಗ ಮಾಡಿ ನೋಡಿದ ಮೇಲೆ, 1886ರ ಜೂನ್ 4ರಂದು ಇಡೀ ಮಳೆಗಾಲಕ್ಕೆ ಅನ್ವಯಿಸುವ ಮೊದಲ ಅಧಿಕೃತ ಮುನ್ಸೂಚನೆ ಹೊರಬಿದ್ದಿತು.

ಇದನ್ನು ಬೇಡಿದವರು ರೈತರಲ್ಲ, ಸರ್ಕಾರ. ಧಾನ್ಯವನ್ನು ಯಾವ ಪ್ರಾಂತದಿಂದ ಯಾವ ಪ್ರಾಂತಕ್ಕೆ ಸಾಗಿಸಬೇಕು, ಕಂದಾಯ ಎಷ್ಟು ಖೋತಾ ಆಗಬಹುದು, ಪರಿಹಾರ ಕಾಮಗಾರಿಗಳನ್ನು ಎಲ್ಲಿ ತೆರೆಯಬೇಕು ಎಂಬವು ಖಜಾನೆಯನ್ನು ಕಾಯುವವರ ಪ್ರಶ್ನೆಗಳು. ಅವರಿಗೆ ಬೇಕಾಗಿದ್ದುದು ದೇಶದ ಅಥವಾ ಪ್ರಾಂತದ ಒಟ್ಟು ಲೆಕ್ಕ. ಒಂದು ಹೊಲದ ಲೆಕ್ಕ ಅವರಿಗೆ ಬೇಕಾಗಿರಲಿಲ್ಲ.

ಬ್ಲ್ಯಾನ್‌ಫರ್ಡನ ನಂತರ ಬಂದ ಜಾನ್ ಎಲಿಯಟ್ ಈ ಕೆಲಸವನ್ನು ಮತ್ತಷ್ಟು ವಿಸ್ತರಿಸಿ ಹೆಚ್ಚು ಹೆಚ್ಚು ವಿವರಗಳೊಡನೆ ಮುನ್ಸೂಚನೆ ಕೊಡತೊಡಗಿದನು. 1899ರಲ್ಲಿ ಒಳ್ಳೆಯ ಮಳೆಯೆಂದು ಹೇಳಿದನು. ಆ ವರ್ಷ ದೇಶ ಕಂಡದ್ದು ಘೋರ ಅನಾವೃಷ್ಟಿ. ಅದಾದ ಮೇಲೆ ಕೆಲವು ವರ್ಷ ಮುನ್ಸೂಚನೆಯನ್ನು ಅಧಿಕಾರಿಗಳಿಗೆ ಮಾತ್ರ ಗುಟ್ಟಾಗಿ ಕಳುಹಿಸುವ ಪದ್ಧತಿಯೂ ಇದ್ದಿತಂತೆ! ತಪ್ಪನ್ನು ತಿದ್ದುವುದಕ್ಕಿಂತ ಮುಚ್ಚುವುದು ಸುಲಭವೆಂಬುದು ಆಡಳಿತಗಳ ಹಳೆಯ ಪಾಠ.

ಗಣಿತಜ್ಞ ಬಂದ

1904ರಲ್ಲಿ ಇಲಾಖೆಯ ಚುಕ್ಕಾಣಿ ಹಿಡಿದವನು ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾಗಿದ್ದವನು, ಹವಾಮಾನ ಶಾಸ್ತ್ರಕ್ಕೆ ಹೊಸಬ. (ಗಣಿತವೆಂದರೆ ಕಿವಿ ನಿಮಿರಿಸುತ್ತಿದ್ದ ನನ್ನ ವಿದ್ಯಾರ್ಥಿಗಳಿಗೊಂದು ಮಾತು: 1913ರಲ್ಲಿ ಮದರಾಸಿನಲ್ಲಿ ಗುಮಾಸ್ತನಾಗಿದ್ದ ಶ್ರೀನಿವಾಸ ರಾಮಾನುಜನ್ ಅವರ ಕೆಲಸವನ್ನು ನೋಡಿ, ಅವರಿಗೆ ವಿದ್ಯಾರ್ಥಿವೇತನ ಕೊಡಬೇಕೆಂದು ವಿಶ್ವವಿದ್ಯಾನಿಲಯಕ್ಕೆ ಶಿಫಾರಸು ಮಾಡಿದವನು ಇದೇ ವಾಕರ್.) ಕಾರಣ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಜಗತ್ತಿನ ನಾನಾ ಕಡೆಯ ಒತ್ತಡ, ಉಷ್ಣತೆ, ಮಳೆಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವುದಕ್ಕೆ ಯಾವುದು ಹೊಂದುತ್ತದೆಂದು ನೋಡೋಣ ಎಂಬುದು ಅವನ ಮಾರ್ಗ. ಹೀಗೆ ನೋಡುತ್ತ, ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವ, ಅಲ್ಲಿ ಇಳಿದಾಗ ಇಲ್ಲಿ ಏರುವ ತಕ್ಕಡಿಯಂಥ ತೂಗಾಟವನ್ನು ಕಂಡುಹಿಡಿದು ಅದಕ್ಕೆ 'ದಕ್ಷಿಣ ಆಂದೋಲನ'ವೆಂದು ಹೆಸರಿಟ್ಟನು. ಪೆರು ದೇಶದ ಕಡಲು ಬಿಸಿಯಾಗುವ 'ಎಲ್ ನಿನೊ' ಎಂಬ ವಿದ್ಯಮಾನಕ್ಕೂ ಇದಕ್ಕೂ ನಂಟಿದೆಯೆಂದು ಜೇಕಬ್ ಬ್ಯರ್ಕ್ನೆಸ್ 1969ರಲ್ಲಿ ವಿವರಿಸಿದ ಮೇಲೆ ಇದರ ಮಹತ್ವ ಜಗತ್ತಿಗೆ ತಿಳಿಯಿತು.

ಆದರೂ ಈ ನಂಟು ಮನೆಯ ನೆಂಟರ ಹಾಗೆ. ಬಂದೇ ಬರುತ್ತಾರೆಂದು ಹೇಳಲಾಗದು. 1997ರಲ್ಲಿ ಪ್ರಬಲವಾದ ಎಲ್ ನಿನೊ ಇದ್ದರೂ ಭಾರತಕ್ಕೆ ವಾಡಿಕೆಯ ಮಳೆ ಬಿದ್ದಿತು. 2002ರಲ್ಲಿ ಅಷ್ಟು ಪ್ರಬಲವಲ್ಲದ ಎಲ್ ನಿನೊ ಇದ್ದಾಗ ಜುಲೈ ತಿಂಗಳ ಮಳೆ ಅರ್ಧಕ್ಕೆ ಅರ್ಧ ಖೋತಾ ಆಯಿತು. 1988ರಿಂದ ಬಳಕೆಯಲ್ಲಿದ್ದ ಹದಿನಾರು ಸೂಚಕಗಳ ಲೆಕ್ಕಾಚಾರ ಆ ಬರವನ್ನು ಹಿಡಿಯಲಾಗದೆ ಹೋದುದರಿಂದ, 2003ರಲ್ಲಿ ಹೊಸ ಲೆಕ್ಕವನ್ನು ಬಳಸಿದರು. ನಾನು ಪತ್ರಿಕೆಯಲ್ಲಿ ಓದಿದ 96 ಹೊರಬಂದದ್ದು ಈ ಹೊಸ ಲೆಕ್ಕದಿಂದ.

ನೀರು ಮತ್ತು ಬೆಳಕು

ಮಳೆಯ ಅನಿಶ್ಚಯವನ್ನು ಎದುರಿಸಲು ಮುನ್ಸೂಚನೆಯೊಂದೇ ದಾರಿಯಲ್ಲ. ಬಂದಾಗ ಹಿಡಿದಿಟ್ಟುಕೊಳ್ಳುವುದು ಇನ್ನೊಂದು ದಾರಿ. ಮೈಸೂರು ಸಂಸ್ಥಾನ ಈ ಎರಡನೆಯದನ್ನು ಚೆನ್ನಾಗಿ ಬಲ್ಲದಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಹೊಳೆ ತುಂಬಿದಾಗ ಯಂತ್ರಗಳು ತಿರುಗುತ್ತಿದ್ದವು, ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ವಿದ್ಯುತ್ತೂ ಸೊರಗುತ್ತಿತ್ತು. ಈ ಕೊರತೆಯನ್ನು ನೀಗಿಸುವುದೂ, ಮಂಡ್ಯದ ಸೀಮೆಗೆ ನೀರುಣಿಸುವುದೂ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಾಗಿದ್ದವು. ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ 1911ರಲ್ಲಿ ಅದರ ಕೆಲಸ ಆರಂಭವಾಯಿತು. ಮುಂದೆ 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಕಟ್ಟೆಯಾದ ಮೇಲಂತೂ ಮಲೆನಾಡಿನ ಮಳೆಯೇ ನಾಡಿನ ದೀಪಗಳಿಗೆ ಎಣ್ಣೆಯಾಯಿತು. ಮಳೆ ಕಡಿಮೆಯಾದ ವರ್ಷ ನಿಮ್ಮಲ್ಲಿ ಅನೇಕರು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಪರೀಕ್ಷೆಗೆ ಓದಿದ್ದನ್ನು ಮರೆತಿರಲಾರಿರಿ.

ಕಟ್ಟೆ ಇದ್ದ ಮಾತ್ರಕ್ಕೆ ಮುನ್ಸೂಚನೆ ಬೇಡವೆಂದಲ್ಲ. ಆಗಸ್ಟಿನಲ್ಲಿ ಜಲಾಶಯ ತುಂಬುತ್ತಿರುವಾಗ ಕಟ್ಟೆಯ ಎಂಜಿನಿಯರು ಧರ್ಮಸಂಕಟಕ್ಕೆ ಸಿಲುಕುತ್ತಾನೆ. ನೀರು ಬಿಟ್ಟ ಮೇಲೆ ಮಳೆ ನಿಂತರೆ ಬೇಸಗೆಯ ಬೆಳೆಗೂ ವಿದ್ಯುತ್ತಿಗೂ ಕೊರತೆ. ಬಿಡದೆ ತುಂಬಿಸಿಕೊಂಡ ಮೇಲೆ ಮಳೆ ಸುರಿದರೆ ಕೆಳಗಿನ ಊರುಗಳಿಗೆ ಪ್ರವಾಹ. 2019ರ ಆಗಸ್ಟಿನಲ್ಲಿ ಕೃಷ್ಣಾ ತೀರದ ಜನ ಅನುಭವಿಸಿದ ನೆರೆ ನೆನಪಿದೆಯಲ್ಲವೇ? ಅವನಿಗೆ ಬೇಕಾದುದು ಮೇಲಿನ ಜಲಾನಯನದಲ್ಲಿ ಇನ್ನು ಮೂರು, ಐದು ದಿನಗಳಲ್ಲಿ ಎಷ್ಟು ಮಳೆ ಬೀಳುವುದೆಂಬ ಲೆಕ್ಕ. ಇಡೀ ದೇಶದ 96 ಅವನಿಗೂ ಪ್ರಯೋಜನವಿಲ್ಲ.

ರೈತನ ವಿಳಾಸ

ರೈತನ ಹೆಸರಿಗೆ ಪತ್ರ ಬರೆಯುವ ಪ್ರಯತ್ನ ತಡವಾಗಿ ಆರಂಭವಾಯಿತು. 1928ರ ರಾಯಲ್ ಕೃಷಿ ಆಯೋಗದ ಸಲಹೆಯಂತೆ 1932ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನ ವಿಭಾಗ ತೆರೆಯಿತು, ಎಲ್. ಎ. ರಾಮದಾಸ್ ಅದನ್ನು ಕಟ್ಟಿ ಬೆಳೆಸಿದರು. 1945ರಿಂದ ಆಕಾಶವಾಣಿಯಲ್ಲಿ ರೈತರಿಗಾಗಿ ಹವಾಮಾನ ವಾರ್ತೆ ಬರತೊಡಗಿತು. ನನ್ನ ತಂದೆಯವರು ಜಗಲಿಯ ಮೇಲೆ ರೇಡಿಯೋ ಇಟ್ಟು, "ಗುಡುಗು ಸಹಿತ ಮಳೆಯಾಗುವ ಸಂಭವವಿದೆ" ಎಂಬುದನ್ನು ಕೇಳಿ, ಆಮೇಲೆ ಅಂಗಳಕ್ಕಿಳಿದು ಮೂಡಲ ದಿಕ್ಕನ್ನು ನೋಡಿ ಬರುತ್ತಿದ್ದರು. ಎರಡನ್ನೂ ನೋಡುವುದು ಜಾಣತನವೆಂದು ನನಗೆ ಆಗ ತಿಳಿದಿರಲಿಲ್ಲ.

1976ರಲ್ಲಿ ರಾಜ್ಯಮಟ್ಟದ ಕೃಷಿ ಹವಾಮಾನ ಸಲಹೆ ಆರಂಭವಾಯಿತು. 1988ರಲ್ಲಿ ದೆಹಲಿಯಲ್ಲಿ ಗಣಕಯಂತ್ರಗಳ ನೆರವಿನಿಂದ ಕೆಲವು ದಿನಗಳ ಮುನ್ಸೂಚನೆ ಸಿದ್ಧಪಡಿಸುವ ಕೇಂದ್ರ ಹುಟ್ಟಿತು. 2008ರಿಂದ ಜಿಲ್ಲೆಯ ಮಟ್ಟದಲ್ಲಿ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಸಲಹೆಗಳು ಬರುತ್ತಿವೆ. ನಮ್ಮ ರಾಜ್ಯವು 1988ರಲ್ಲಿಯೇ ಬರ ಪರಿಸ್ಥಿತಿಯ ನಿಗಾ ಘಟಕವನ್ನು ಸ್ಥಾಪಿಸಿತು. ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿಂದ ತಾನಾಗಿಯೇ ಅಂಕಿ ಪಡೆಯುತ್ತಿದೆ. ನಮ್ಮ ಶಾಲೆಯ ಆಲಿಕೆ, ಶೀಶೆ ನೆನೆದರೆ ನಗು ಬರುತ್ತದೆ! 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆಯನ್ನೂ ಆರಂಭಿಸಿತು.

ಇದೇ ಸಮಯದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಮುನ್ಸೂಚನೆಯನ್ನು ಸ್ಥಳೀಯ ಬೆಳೆಗೆ ಹೊಂದಿಸಿ ಸ್ಥಳೀಯ ಭಾಷೆಯಲ್ಲಿ ವಿವರಿಸಲು ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ 199 ಜಿಲ್ಲಾ ಘಟಕಗಳು 2024ರ ಆರಂಭದಲ್ಲಿ ಮುಚ್ಚಿದವು. ಅಂಕಿ ಹಳ್ಳಿಯವರೆಗೆ ಬಂದಿತು, ಅದನ್ನು ಓದಿ ಹೇಳುವವರು ಕಡಿಮೆಯಾದರು. 2003ರಲ್ಲಿ ಓದಿ ಹೇಳಿದವನು ತಪ್ಪಾಗಿ ಓದಿದುದರ ಫಲವನ್ನು ಕಂಡ ನನಗೆ ಇದು ಸಣ್ಣ ವಿಷಯವೆನಿಸುವುದಿಲ್ಲ.

ಕಡಲೆಕಾಯಿಯ ಕಾಲ

ನನ್ನ ಕಣ್ಣು ತೆರೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನ. ಅನಂತಪುರ, ಪಾವಗಡದ ಸೀಮೆಯ ಕಡಲೆಕಾಯಿಯನ್ನೇ ಅವರು ಆರಿಸಿಕೊಂಡಿದ್ದರು. ರೈತರ ಜೊತೆ ಕುಳಿತು, ಹಲವು ದಶಕಗಳ ಮಳೆಯ ದಾಖಲೆಗಳನ್ನೂ ಬೆಳೆಯ ಬೆಳವಣಿಗೆಯನ್ನೂ ತಾಳೆ ನೋಡಿದರು. ಈ ಸೀಮೆಯಲ್ಲಿ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಯಾವಾಗ ಬೇಕಾದರೂ ಬಿತ್ತುವುದುಂಟು. ಆದರೆ ಜುಲೈ ಮಧ್ಯದ ನಂತರ ಬಿತ್ತಿದರೆ ಬೆಳೆ ಕೆಡುವ ಅಪಾಯ ಕಡಿಮೆ ಎಂಬುದು ಅವರು ಕಂಡ ಸಾರ. ಕಾರಣ ಸರಳ. ನಮ್ಮ ಸೀಮೆಗೆ ಹೆಚ್ಚಿನ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ತಡವಾಗಿ ಬಿತ್ತಿದ ಗಿಡಕ್ಕೆ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಆ ಮಳೆ ದೊರೆಯುತ್ತದೆ. ನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ, ಪುನರ್ವಸು ಕಳೆದು ಪುಷ್ಯ ಹಿಡಿಯುವ ಹೊತ್ತು.

ಓದಿ ಮುಗಿಸಿದಾಗ ಆ ಹುಡುಗನ ಮಳೆ ಪುಸ್ತಕವನ್ನು ತೆರೆದು ನೋಡಿದೆ. ಜೂನ್ ಕೊನೆಯ ಹದ ಮಳೆ, ಆಮೇಲೆ ಸಾಲು ಸಾಲು ಸೊನ್ನೆ. ನಾನು ಹೇಳಬೇಕಾಗಿದ್ದ ಮಾತು "ಧೈರ್ಯವಾಗಿ ಬಿತ್ತಿ" ಎಂದಲ್ಲ, "ಇನ್ನೆರಡು ವಾರ ತಾಳಿ, ಎಲ್ಲ ಹೊಲಕ್ಕೂ ಒಂದೇ ಸಲ ಬಿತ್ತಬೇಡಿ" ಎಂದು. ಶೇಕಡ 96 ಎಂಬುದು ಇಡೀ ದೇಶದ ನಾಲ್ಕು ತಿಂಗಳ ಲೆಕ್ಕ. ಚಿರಾಪುಂಜಿಯ ಮಳೆಯೂ, ಜೈಸಲ್ಮೇರಿನ ಮಳೆಯೂ, ನಮ್ಮ ಊರಿನ ಮಳೆಯೂ ಅದರಲ್ಲಿ ಬೆರೆತಿದ್ದವು. ಖಜಾನೆಯ ವಿಳಾಸಕ್ಕೆ ಬರೆದ ಪತ್ರವನ್ನು ನಾನು ಒಬ್ಬ ರೈತನ ಪತ್ರವೆಂದು ಓದಿ ಹೇಳಿದ್ದೆ.

ಮೋಡಕ್ಕೆ ಹೊಸ ಲೆಕ್ಕ

ಕೆಲವು ವರ್ಷಗಳ ಹಿಂದೆ ಪಾವಗಡದ ಕಡೆ ಹೋಗಿದ್ದೆ. ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ, 2018ರಿಂದ ಕೆಲಸ ಆರಂಭಿಸಿ 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿದ ಸೌರವಿದ್ಯುತ್ ಪಾರ್ಕು ಹರಡಿಕೊಂಡಿದೆ. ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದಿದ್ದಾರೆ. ಮಳೆಯನ್ನು ನಂಬಿ ಸೋತ ಭೂಮಾಲೀಕರಿಗೆ ವರ್ಷವರ್ಷ ಖಚಿತವಾದ ಹಣ ಬರುತ್ತಿದೆ. ಭೂಮಿಯಿಲ್ಲದ ಕೂಲಿಯವರಿಗೆ ಹೊಲದ ಕೆಲಸ ತಪ್ಪಿತೆಂಬುದೂ ಅಷ್ಟೇ ನಿಜ.

ಮೋಡದ ಮುನ್ಸೂಚನೆ ಮಾತ್ರ ಅಲ್ಲಿಂದ ತೊಲಗಲಿಲ್ಲ. ಸೌರ, ಪವನ ವಿದ್ಯುತ್ ಉತ್ಪಾದಕರು ಮರುದಿನ ಎಷ್ಟು ವಿದ್ಯುತ್ತು ಕೊಡುವರೆಂದು, ದಿನವನ್ನು ಹದಿನೈದು ನಿಮಿಷಗಳ 96 ಭಾಗಗಳಾಗಿ ಮಾಡಿ ಮೊದಲೇ ತಿಳಿಸಬೇಕೆಂಬ ನಿಯಮಗಳನ್ನು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ 2015ರಲ್ಲಿ ರೂಪಿಸಿತು. ಅಂದಾಜು ಬಹಳ ತಪ್ಪಿದರೆ ದಂಡ ತೆರಬೇಕು. ಪಾವಗಡದ ಮೇಲೆ ಮೋಡ ಕವಿದು ವಿದ್ಯುತ್ತು ಇಳಿದರೆ, ನಿಮಿಷಗಳಲ್ಲಿ ಏರಿಸಬಹುದಾದ ಜಲವಿದ್ಯುತ್ತು ಆ ಕೊರತೆಯನ್ನು ತುಂಬಬಲ್ಲದು. ಬಿಸಿಲಿದ್ದ ದಿನ ಲಿಂಗನಮಕ್ಕಿಯ ನೀರು ಉಳಿಯುತ್ತದೆ. ಹೀಗೆ ಬಯಲುಸೀಮೆಯ ಬಿಸಿಲೂ ಮಲೆನಾಡಿನ ಮಳೆಯೂ ಒಂದೇ ಲೆಕ್ಕದ ಪುಸ್ತಕಕ್ಕೆ ಸೇರಿವೆ.

ಈ 96ಕ್ಕೂ ನನ್ನ 96ಕ್ಕೂ ಎಷ್ಟೊಂದು ವ್ಯತ್ಯಾಸ! ಇಲ್ಲಿ ಜಾಗ ಗೊತ್ತು, ಹೊತ್ತು ಗೊತ್ತು, ಯಾರು ಏನು ನಿರ್ಧರಿಸಬೇಕೆಂಬುದು ಗೊತ್ತು, ತಪ್ಪಿದರೆ ಹೊಣೆ ಯಾರದೆಂಬುದೂ ಗೊತ್ತು. ರೈತನ ಪಾಲಿಗೆ ತಪ್ಪು ಮುನ್ಸೂಚನೆಯ ದಂಡವನ್ನು ಇಂದಿಗೂ ರೈತನೇ ತೆರುತ್ತಾನೆ.

ಅಂದು ಸಂಜೆ ಆ ವಿದ್ಯಾರ್ಥಿಗೆ ನಾನು ಬಿತ್ತು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಅರವತ್ತು ಪರ್ಸೆಂಟ್ ಅಂದರೆ ಇಂಥ ಹತ್ತು ದಿನಗಳಲ್ಲಿ ಆರು ದಿನ ಮಳೆ ಬಂದೀತು ಎಂದಷ್ಟೇ ಅರ್ಥ. ಎಷ್ಟು ಬರುತ್ತದೆ ಎಂದು ಅದು ಹೇಳುವುದಿಲ್ಲ. ಎರಡು ಹನಿ ಬಿದ್ದರೂ ಆ ಲೆಕ್ಕ ಸರಿಹೋಗಬಹುದು. ನಿನ್ನ ಫೋನು ಬೆಂಗಳೂರಿನ ಮಳೆ ತೋರಿಸುತ್ತಿದೆಯೋ ನಿಮ್ಮೂರಿನದೋ, ಮೊದಲು ನೋಡು. ನಿಮ್ಮ ಹೋಬಳಿಯ ಐದು ದಿನದ ಅಂದಾಜು ಎಷ್ಟು ಮಿಲಿಮೀಟರ್ ಎಂದು ವಿಚಾರಿಸು. ನೆಲದಲ್ಲಿ ಹದ ಎಷ್ಟು ಆಳ ಇಳಿದಿದೆ ಎಂದು ಅಪ್ಪನನ್ನೇ ಕೇಳು, ಅದು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಬಿತ್ತಿದರೂ ಅರ್ಧ ಹೊಲಕ್ಕೆ ಸಾಕು. ತೊಗರಿ, ಅಲಸಂದೆಯ ಅಕ್ಕಡಿ ಸಾಲು ಬಿಡಬೇಡಿ" ಎಂದೆ.

ಅವನು ನಗುತ್ತ, "ಸಾರ್, ಆವತ್ತು ಒಂದೇ ಮಾತಲ್ಲಿ ಹೇಳಿದ್ರಿ, ಇವತ್ತು ಇಷ್ಟೊಂದು ಹೇಳ್ತೀರಲ್ಲ" ಎಂದ. ಅವನಿಗೆ ನೆನಪಿದೆ ಎಂಬುದು ನನಗೆ ಆಗ ತಿಳಿಯಿತು. "ಆವತ್ತು ನಾನು ತಪ್ಪು ಹೇಳಿದೆನಪ್ಪಾ" ಎಂದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೇಳದೆ ಉಳಿದಿದ್ದ ಮಾತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಸಾರ್, ಮಳೆ ಪುಸ್ತಕ ಇನ್ನೂ ಇದೆಯಾ?" ಎಂದು ಕೇಳಿದ. ಇದೆ ಎಂದೆ. ಮುಂದಿನ ಸಲ ಊರಿಗೆ ಹೋಗುವಾಗ ಬಂದು ತೆಗೆದುಕೊಂಡು ಹೋಗುತ್ತಾನಂತೆ, ಅವನ ಮಗಳಿಗೆ ತೋರಿಸಲು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಿರಿಯರು ಬರೆದಿಟ್ಟ ಮಳೆಯ ಲೆಕ್ಕವಿದ್ದರೆ ಜೋಪಾನ ಮಾಡಿ. ಅಂಥ ಪುಸ್ತಕಗಳು ನಿಮ್ಮ ಊರಿನ ವಿಳಾಸಕ್ಕೇ ಬಂದ ಪತ್ರಗಳು.



ನಿಮ್ಮ ಮೇಷ್ಟ್ರು